ನಾಲ್ಕೂವರೆ ಇಂಚಿನ ಗೋಡೆ

ಸುಧಾಕರ ಶೆಟ್ಟರ ಮನೆಯ ಚಾವಡಿಗೆ ಐವತ್ತೈದು ಇಂಚಿನ ಟಿವಿ ಬಂದು ವಾರ ಕಳೆದಿತ್ತು. ಆದರೆ ಅದು ಇನ್ನೂ ರಟ್ಟಿನ ಪೆಟ್ಟಿಗೆಯಿಂದ ಹೊರಗೆ ಬಂದಿರಲಿಲ್ಲ. ಮನೆಗೆ ಬಂದವರು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಬಣ್ಣದ ಚಿತ್ರ ನೋಡಿ, "ಪಿಕ್ಚರ್ ಒಳ್ಳೆ ಕ್ಲಿಯರ್ ಉಂಟಲ್ಲ ಶೆಟ್ರೇ" ಎಂದು ಹೇಳಿ, ಚಹಾ ಕುಡಿದು ಹೋಗುತ್ತಿದ್ದರು. ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಂತೆಂಥ ಗಿರಾಕಿಗಳನ್ನೋ ಸುಧಾರಿಸಿದ ಶೆಟ್ಟರಿಗೆ ಈ ಒಂದು ಮಾತು ನುಂಗಲಿಕ್ಕೆ ಆಗುತ್ತಿರಲಿಲ್ಲ.

ಟಿವಿ ಕಳಿಸಿದ್ದು ಅಳಿಯ ಶೋಧನ್. ಅವನು ದೋಹಾದಿಂದ ರಜೆಯಲ್ಲಿ ಬಂದು, ಆದಿತ್ಯವಾರ ಹೆಂಡತಿ ನಿಖಿತಾಳನ್ನೂ ಬೆಳ್ತಂಗಡಿಯಲ್ಲಿರುವ ತನ್ನ ತಂದೆ ತಾಯಿಯನ್ನೂ ಕರೆದುಕೊಂಡು ಮಾವನ ಮನೆಗೆ ಊಟಕ್ಕೆ ಬರುವುದೆಂದು ನಿಶ್ಚಯವಾಗಿತ್ತು. "ಟಿವಿ ಹಾಕಿ ಆಯ್ತಾ ಮಾವ?" ಎಂದು ಅವನು ಫೋನಿನಲ್ಲಿ ಕೇಳಿದಾಗ ಶೆಟ್ಟರು, "ಹಾಕಿ ಆಯ್ತು, ಭಾರೀ ಲಾಯ್ಕ ಬರ್ತದೆ" ಎಂದುಬಿಟ್ಟಿದ್ದರು. ಸುಳ್ಳು ಹೇಳುವ ಜನವಲ್ಲ ಅವರು. ಆದರೆ ಹಾಕಲಿಕ್ಕೆ ಯಾಕೆ ಆಗಲಿಲ್ಲ ಎಂಬುದನ್ನು ಅಳಿಯನಿಗೆ, ಅದರಲ್ಲೂ ಬೀಗರ ಕಿವಿಗೆ ಬೀಳುವ ಹಾಗೆ, ಹೇಳುವಂತಿರಲಿಲ್ಲ.

ಚಾವಡಿಗೆ ಗೋಡೆ ನಾಲ್ಕು. ಎದುರಿನ ಗೋಡೆಯನ್ನು ಬಾಗಿಲು ಮತ್ತು ಕಿಟಕಿಗಳು ತಿಂದಿದ್ದವು. ಹಿಂದಿನದ್ದನ್ನು ಅಡುಗೆಕೋಣೆಯ ಬಾಗಿಲು ಮತ್ತು ಮಾಳಿಗೆಯ ಮೆಟ್ಟಿಲು ತಿಂದಿದ್ದವು. ಮೂರನೆಯದು ದೈವದ ಕೋಣೆಯ ಗೋಡೆ. ಗಟ್ಟಿ ಕೆಂಪುಕಲ್ಲಿನದ್ದು, ಆನೆ ಬಂದು ಒರಗಿದರೂ ಅಲುಗದು. ಆದರೆ ಅದರ ಆಚೆಗೆ ದೈವದ ಮಂಚ ಇರುವುದರಿಂದ ಕ್ಯಾಲೆಂಡರಿನ ಒಂದು ಮೊಳೆ ಹೊಡೆಯುವ ಕ್ರಮವೂ ಆ ಕುಟುಂಬದಲ್ಲಿ ಇಲ್ಲ. ಉಳಿದದ್ದು ನಾಲ್ಕನೆಯ ಗೋಡೆ. ಅದು ಇಟ್ಟಿಗೆಯದ್ದು. ಕೆಂಪುಕಲ್ಲಿನ ಊರಿನಲ್ಲಿ, ಕೆಂಪುಕಲ್ಲಿನ ಮನೆಯ ನಟ್ಟ ನಡುವೆ ಒಂದು ಇಟ್ಟಿಗೆ ಗೋಡೆ ಹೇಗೆ ಬಂತು ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಒಂಬತ್ತು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಪಾಲುದಾರರು ಇಬ್ಬರೇ: ಸುಧಾಕರ ಶೆಟ್ಟರು ಮತ್ತು ಅವರ ಅಕ್ಕ ವಿನೋದಾ. ಗದ್ದೆ, ತೋಟ, ಬಾವಿ, ದನದ ಹಟ್ಟಿ ಎಲ್ಲವೂ ಹಿರಿಯರ ಎದುರು ನಗುನಗುತ್ತಲೇ ಹಂಚಿಹೋಯಿತು. ದೈವದ ಕೋಣೆ ಇಬ್ಬರಿಗೂ ಸೇರಿದ್ದು ಎಂದಾಯಿತು. ಜಗಳ ಹತ್ತಿದ್ದು ಒಂದು ಹಳೆಯ ಟಿವಿಗೆ. ಮರದ ಪೆಟ್ಟಿಗೆಯ, ಎಳೆದರೆ ಮುಚ್ಚಿಕೊಳ್ಳುವ ಬಾಗಿಲಿನ ಆ ಟಿವಿಯನ್ನು ಸುಧಾಕರ ಶೆಟ್ಟರು ಅಮ್ಮನಿಗೆಂದು ಮುಂಬೈಯಿಂದ ಬಸ್ಸಿನಲ್ಲಿ ಎಳೆಮಗುವಿನ ಹಾಗೆ ಕಾದುಕೊಂಡು ತಂದಿದ್ದರು. "ತಂದದ್ದು ನಾನು" ಎಂದರು ಅವರು. "ಅಮ್ಮನ ಹತ್ತಿರ ಕೂತು ನೋಡಿದ್ದು ಯಾರು? ಆಂಟೆನಾ ತಿರುಗಿಸಲಿಕ್ಕೆ ಮಾಡು ಹತ್ತಿದ್ದು ಯಾರು?" ಎಂದರು ವಿನೋದಕ್ಕ. ಆ ಟಿವಿ ಕೆಟ್ಟು ಎಷ್ಟೋ ಕಾಲವಾಗಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು, ಹಿರಿಯರಿಗೂ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಾತಿಗೆ ಮಾತು ಬೆಳೆದು ಚಾವಡಿಯ ನಡುವೆ ಗೋಡೆ ಏಳಬೇಕೆಂದಾಯಿತು. ಗೋಡೆ ಏಳಬೇಕಾದರೆ ಜಾಗ ಬೇಕು. ಕೆಂಪುಕಲ್ಲಿನಲ್ಲಿ ಕಟ್ಟಿದರೆ ಮುಕ್ಕಾಲು ಅಡಿಯಾದರೂ ಹೋಗುತ್ತದೆ; ಅದು ಯಾರ ಪಾಲಿನಿಂದ ಹೋಗಬೇಕು? ಇಬ್ಬರೂ ಒಂದಂಗುಲ ಬಿಡಲಿಲ್ಲ. ಕೊನೆಗೆ ಮೇಸ್ತ್ರಿ ಜತ್ತಪ್ಪ ಮೂಡಬಿದ್ರೆ ಕಡೆಯಿಂದ ಇಟ್ಟಿಗೆ ತರಿಸಿ, ಇಟ್ಟಿಗೆಯ ಅಗಲದಷ್ಟೇ ದಪ್ಪಕ್ಕೆ, ನಾಲ್ಕೂವರೆ ಇಂಚಿನ ಗೋಡೆ ಕಟ್ಟಿದ. ಒಬ್ಬೊಬ್ಬರ ಪಾಲಿನಿಂದ ಎರಡೂಕಾಲು ಇಂಚು ಹೋಯಿತು. ಸಿಮೆಂಟು ಮುಗಿದಾಗಲೆಲ್ಲ ಆಚೆಯವರು ತರಲಿ ಎಂದು ಇಬ್ಬರೂ ಕಾದದ್ದರಿಂದ ಜತ್ತಪ್ಪ ಕಲಸಿದ್ದು ಹೆಚ್ಚಾಗಿ ಮರಳನ್ನೇ. "ಇದು ಗೋಡೆ ಅಲ್ಲ ಶೆಟ್ರೇ, ಪರದೆ. ಒರಗಿ ಕೂತ್ಕೊಳ್ಬೇಡಿ" ಎಂದು ಅವನು ಅವತ್ತೇ ಹೇಳಿ ಹೋಗಿದ್ದ. ಗೋಡೆ ಏಳುವಾಗ ಹಳೆಯ ಟಿವಿ ಎಲ್ಲಿತ್ತೋ ಅಲ್ಲಿಯೇ, ಎಂದರೆ ಅಕ್ಕನ ಬದಿಯಲ್ಲಿ, ಉಳಿದುಹೋಯಿತು. ಅಂದಿನಿಂದ ಅಕ್ಕ ತಮ್ಮನೊಳಗೆ ಮಾತಿಲ್ಲ. ಅವಳು ಅದನ್ನು ಗುಜರಿಗೆ ಮಾರಿ ತಿಂದಳು ಎಂದು ಶೆಟ್ಟರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು.

ಶೆಟ್ಟರು ತಮ್ಮ ಬದಿಗೆ ಸಾರಣೆ ಮಾಡಿಸಿ ಬಣ್ಣ ಹೊಡೆಸಿದರು. ವಿನೋದಕ್ಕ, "ಗೋಡೆ ಬೇಕಾದದ್ದು ಅವನಿಗೆ, ಬಂದವರಿಗೆಲ್ಲ ಅದು ಕಾಣಲಿ" ಎಂದು ಇಟ್ಟಿಗೆಯನ್ನು ಬೋಳು ಬಿಟ್ಟರು. ಕಾಲ ಹೇಗೆ ಬದಲಾಯಿತೆಂದರೆ, ಮೂಡಬಿದ್ರೆಯ ಕಾಲೇಜಿನಲ್ಲಿ ಪಾಠ ಮಾಡುವ ಅಕ್ಕನ ಮಗಳು ಸಾತ್ವಿಕಾಳ ಗೆಳತಿಯರು ಬಂದಾಗಲೆಲ್ಲ ಆ ಬೋಳು ಗೋಡೆಯ ಎದುರು ನಿಂತು ಫೋಟೋ ತೆಗೆಸಿಕೊಂಡು, "ಎಷ್ಟು ಸ್ಟೈಲ್ ಉಂಟು ಆಂಟಿ, ಡಿಸೈನ್ ಯಾರದ್ದು?" ಎಂದು ಕೇಳುತ್ತಿದ್ದರು. ಸಾರಣೆಗೆ ಖರ್ಚು ಮಾಡಿ ಈಚೆ ಕೂತ ಶೆಟ್ಟರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆ ಗೋಡೆಯಲ್ಲಿ ಕೇಳಿಸದೆ ಇರುವುದು ಯಾವುದೂ ಇರಲಿಲ್ಲ. ಆಚೆ ಇವತ್ತು ಬಂಗುಡೆಯೋ ಬಸಳೆಯೋ, ಅಕ್ಕನ ಮೊಣಕಾಲು ನೋವು ಹೆಚ್ಚೋ ಕಡಿಮೆಯೋ, ಎಲ್ಲ ತಿಳಿಯುತ್ತಿತ್ತು. ಅಕ್ಕ ನಾಲ್ಕು ಸಲ ಕೆಮ್ಮಿದರೆ ಶೆಟ್ಟರು, "ಕೆಲವರಿಗೆ ಕಷಾಯ ಮಾಡಿ ಕುಡಿಯಲಿಕ್ಕೂ ಉದಾಸೀನ" ಎಂದು ಗೋಡೆಗೆ ಕೇಳುವಷ್ಟು ದೊಡ್ಡದಾಗಿ ಹೆಂಡತಿ ಜಲಜಾಕ್ಷಿಗೆ ಹೇಳುತ್ತಿದ್ದರು. ಜಲಜಾಕ್ಷಿ ಹಿತ್ತಿಲ ಬಾಗಿಲಿನಿಂದ ಹೋಗಿ ಕಷಾಯ ಕೊಟ್ಟು ಬರುತ್ತಿದ್ದರು. ಮಾತಿಲ್ಲದ್ದು ಅಕ್ಕ ತಮ್ಮನಿಗೆ ಮಾತ್ರ. ಮನೆಯ ಬೇರೆ ಯಾರಿಗೂ ಅಷ್ಟು ಪುರುಸೊತ್ತು ಇರಲಿಲ್ಲ.

ತಿಂಗಳಿಗೊಮ್ಮೆ ಸಂಕ್ರಮಣದ ದಿನ ದೈವದ ಕೋಣೆಯಲ್ಲಿ ದೀಪ ಇಡುವಾಗ ಮಾತ್ರ ಇಬ್ಬರೂ ಒಟ್ಟಿಗೆ ನಿಲ್ಲಬೇಕಾಗಿತ್ತು. ಆಗ ಮಾತು ದೈವದ ಮೂಲಕ ನಡೆಯುತ್ತಿತ್ತು. "ಸ್ವಾಮೀ, ಆಚೆ ಬಿದ್ದ ತೆಂಗಿನಕಾಯಿ ಹೆಕ್ಕಿ ಒಳಗೆ ಇಡುವವರಿಗೆ ಬುದ್ಧಿ ಕೊಡು" ಎಂದು ಶೆಟ್ಟರು ಕೈಮುಗಿದರೆ, "ಸ್ವಾಮೀ, ಪಂಪು ಆಫ್ ಮಾಡ್ಲಿಕ್ಕೆ ಮರೆಯುವವರಿಗೆ ನೆನಪಿನ ಶಕ್ತಿ ಕೊಡು" ಎಂದು ವಿನೋದಕ್ಕ ಕೈಮುಗಿಯುತ್ತಿದ್ದರು. ದೈವ ಇಬ್ಬರ ಅಹವಾಲನ್ನೂ ಕೇಳಿ ಸುಮ್ಮನಿರುತ್ತಿತ್ತು.

ಹೀಗಿರುವಾಗ ಹೋದ ತಿಂಗಳು ಸಾತ್ವಿಕಾ ಅಮ್ಮನಿಗೆಂದು ಒಂದು ನಲವತ್ತಮೂರು ಇಂಚಿನ ಟಿವಿ ತಂದಳು. ಆಟೋದಿಂದ ಪೆಟ್ಟಿಗೆ ಇಳಿಯುವುದನ್ನು ಶೆಟ್ಟರು ಕಿಟಕಿಯ ಪರದೆ ಸರಿಸಿ ನೋಡಿದರು. ಅವತ್ತಿನಿಂದ ಗೋಡೆಯ ಕಡೆಗೇ ಕಿವಿ. ಎಷ್ಟು ಕೇಳಿದರೂ ಆಚೆಯಿಂದ ಟಿವಿಯ ಶಬ್ದ ಬರಲಿಲ್ಲ. "ಸೌಂಡು ಸಣ್ಣ ಇಟ್ಟು ನೋಡ್ತಾಳೆ. ನನಗೆ ಕೇಳ್ಬಾರ್ದು ಅಂತ" ಎಂದರು. "ಅದು ಹಾಗಲ್ಲ..." ಎಂದು ಜಲಜಾಕ್ಷಿ ಬಾಯಿ ತೆರೆದರೆ, "ನಿನಗೆ ಅವಳ ಬುದ್ಧಿ ಗೊತ್ತಿಲ್ಲ, ನೀನು ಸುಮ್ಮನಿರು" ಎಂದು ಮುಚ್ಚಿಸಿದರು. ಮರುದಿನವೇ ಅಳಿಯನಿಗೆ ಫೋನು ಹೋಯಿತು. "ಟಿವಿ ಕಳಿಸ್ತೇನೆ ಅಂತ ಹೇಳಿದ್ದಿಯಲ್ಲ, ಕಳಿಸುದಾದ್ರೆ ದೊಡ್ಡದೇ ಕಳಿಸು."

ಟಿವಿ ಬಂದದ್ದರ ಹಿಂದೆಯೇ ಕಂಪೆನಿಯ ಹುಡುಗ ಮಂಗಳೂರಿನಿಂದ ಬಂದ. ಗೋಡೆಯನ್ನು ಬೆರಳಿನಿಂದ ಬಡಿದ. "ಈ ಗೋಡೆ ನನಗೆ ಗೊತ್ತುಂಟು ಸಾರ್" ಎಂದ. ಶೆಟ್ಟರಿಗೆ ಅದು ಅಹಂಕಾರದ ಮಾತಾಗಿ ಕೇಳಿಸಿತು. ಅವರ ಸಮಾಧಾನಕ್ಕೆಂದು ಅವನು ಒಂದು ತೂತು ಕೊರೆದು ಪ್ಲಾಸ್ಟಿಕ್ಕಿನ ಗೂಟ ಹಾಕಿ ಸ್ಕ್ರೂ ತಿರುಗಿಸಿದರೆ, ಗೂಟವೂ ಸ್ಕ್ರೂವಿನ ಒಟ್ಟಿಗೆ ಗರಗರ ತಿರುಗಿತು. "ನೋಡಿ, ಇದು ಹಿಡಿಯುದಿಲ್ಲ. ನಾಳೆ ಬಿದ್ರೆ ನಾವು ಜವಾಬ್ದಾರಿ ಅಲ್ಲ. ಮೇಜಿನ ಮೇಲೆ ಇಟ್ಟು ನೋಡಿ" ಎಂದು ಹೇಳಿ ಹೋದ.

ಮೇಜಿನ ಮೇಲೆ! ಅಕ್ಕನ ಟಿವಿ ಆಚೆ ಗೋಡೆಯ ಮೇಲೆ ಮೆರೆಯುತ್ತಿರುವಾಗ ಇವರದ್ದು ಮೇಜಿನ ಮೇಲೆ ಕುಳಿತುಕೊಳ್ಳಬೇಕೆ? ಶೆಟ್ಟರಿಗೆ ಮಂಡೆಬಿಸಿಯಾಯಿತು. ಶನಿವಾರದವರೆಗೆ ಹೇಗೋ ತಡೆದುಕೊಂಡು, ಕೊನೆಗೆ ಪುಂಜಾಲಕಟ್ಟೆಯ ಅಬ್ದುಲ್ ಸಮದ್‌ಗೆ ಫೋನು ಮಾಡಿದರು.

ಡಿಶ್, ಇನ್ವರ್ಟರ್, ಮಿಕ್ಸಿ, ಸಿಸಿಟಿವಿ, ಸಮದ್ ಕೈಹಾಕದ ಸಾಮಾನು ಆ ಸುತ್ತಿನಲ್ಲಿ ಇರಲಿಲ್ಲ. ತನ್ನ ಕೈಯ ಬಗ್ಗೆ ಅವನಿಗೆ ಸಂಶಯವೂ ಇರಲಿಲ್ಲ. "ಬೀಳುದಾ? ಎಂತ ಮಾತು ಸುಧಾಕರಣ್ಣ! ಈ ಸಮದ್ ಹಾಕಿದ ಮೇಲೆ ಗೋಡೆ ಬಿದ್ರೂ ಟಿವಿ ಬೀಳುದಿಲ್ಲ" ಎಂದು ಡ್ರಿಲ್ಲಿಗೆ ಇದ್ದದ್ದರಲ್ಲಿ ದಪ್ಪದ ಬಿಟ್ಟನ್ನು ಸಿಕ್ಕಿಸಿ, ಮೈಭಾರ ಪೂರ ಹಾಕಿ ಒತ್ತಿದ. ದೋಸೆಹಿಟ್ಟಿಗೆ ಬೆರಳು ಹಾಕಿದ ಹಾಗೆ ಅದು ಒಳಗೆ ಹೋಯಿತು. ಒಳಗೆ ಮಾತ್ರ ಹೋದದ್ದಲ್ಲ, ಆಚೆಗೂ ಹೋಯಿತು. ಇಟ್ಟಿಗೆಯ ಚೂರು ಯಾವುದೋ ಸ್ಟೀಲಿನ ತಟ್ಟೆಗೆ ಬಿದ್ದು ಠಣ್ ಎಂದಿತು.

"ಮನೆಯೊಳಗೆ ಕೂತವರ ಹೊಟ್ಟೆಗೆ ತೂತು ಮಾಡುವ ಅಂದಾಜು ಉಂಟಾ ಅಂತ ಯಾರಾದ್ರೂ ಕೇಳಿ ಅವನಿಗೆ!" ಎಂದು ವಿನೋದಕ್ಕನ ಸ್ವರ ಬಂತು.

ಸಮದ್ ಡ್ರಿಲ್ಲು ಅಲ್ಲಿಯೇ ಇಟ್ಟು, "ವಿನೋದಕ್ಕ, ತಪ್ಪಾಯ್ತು" ಎಂದು ಕೂಗುತ್ತ ಜಗಲಿ ದಾಟಿ ಆಚೆ ಮನೆಗೆ ಓಡಿದ. ಚಾವಡಿಯಲ್ಲಿ ಶೆಟ್ಟರು ಮತ್ತು ತೂತು ಇಬ್ಬರೇ ಉಳಿದರು. ತೂತಿನಿಂದ ಆಚೆಯ ಬೆಳಕು ಸಣ್ಣಗೆ ಬರುತ್ತಿತ್ತು. ಶೆಟ್ಟರು ಅಡುಗೆಕೋಣೆಯ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಗ್ಗಿ ತೂತಿಗೆ ಕಣ್ಣಿಟ್ಟರು.

ಎದುರಿಗೇ ಹಳೆಯ ಟಿವಿ ಇತ್ತು. ಗುಜರಿಗೆ ಹೋಗಿರಲಿಲ್ಲ. ಮರದ ಬಾಗಿಲು ಎಣ್ಣೆ ಒರೆಸಿದ ಹಾಗೆ ಮಿರುಗುತ್ತಿತ್ತು. ಮೇಲೆ ಅಮ್ಮ ಹೆಣೆದ ಲೇಸಿನ ಬಟ್ಟೆ, ಅದರ ಮೇಲೆ ಅಮ್ಮನ ಕನ್ನಡಕ. ಎದುರು ಅಮ್ಮನ ಬೆತ್ತದ ಕುರ್ಚಿ ಖಾಲಿ ಇತ್ತು. ಪಕ್ಕದಲ್ಲಿ ಅಕ್ಕ ಯಾವಾಗಲೂ ಕೂರುತ್ತಿದ್ದ ಸ್ಟೂಲು. ಟಿವಿಯ ಬದಿಗೆ, ಗೋಡೆಗೆ ಒರಗಿಸಿದ ಒಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ಬಣ್ಣದ ಚಿತ್ರ. ಪೆಟ್ಟಿಗೆಯ ಟೇಪು ಕೂಡ ಕಿತ್ತಿರಲಿಲ್ಲ.

ಕಂಪೆನಿಯ ಹುಡುಗನಿಗೆ ಈ ಗೋಡೆ ಹೇಗೆ ಗೊತ್ತು ಎಂದು ಶೆಟ್ಟರಿಗೆ ಆಗ ತಿಳಿಯಿತು. ಅವನು ತಿಂಗಳ ಹಿಂದೆಯೇ, ಶೆಟ್ಟರು ಪೇಟೆಗೆ ಹೋಗಿದ್ದ ಹೊತ್ತಿಗೆ, ಆಚೆಯಿಂದ ಇದನ್ನು ಬಡಿದು ನೋಡಿ, ಅಕ್ಕನಿಗೂ ಮೇಜಿನ ಮಾತು ಹೇಳಿ ಹೋಗಿದ್ದ. ಸೌಂಡು ಸಣ್ಣ ಇಟ್ಟದ್ದಲ್ಲ, ಟಿವಿಯನ್ನೇ ಹಾಕಿರಲಿಲ್ಲ. ಶೆಟ್ಟರಿಗೆ ನಗು ಬಂತು. ಬಂದ ನಗು ಆ ಖಾಲಿ ಕುರ್ಚಿಯನ್ನು ಇನ್ನೊಮ್ಮೆ ನೋಡಿದಾಗ ನಿಂತಿತು. ಅಮ್ಮ ಹೋದ ಮೇಲೆ ಅಮ್ಮನಿಗಾಗಿ ಅವರು ಒಂದು ಸಲವೂ ಸರಿಯಾಗಿ ಅತ್ತಿರಲಿಲ್ಲ. ಟಿವಿಗಾಗಿ ಜಗಳವಾಡುವುದರಲ್ಲೇ ಆ ದಿನಗಳು ಕಳೆದುಹೋಗಿದ್ದವು. ಅಷ್ಟರಲ್ಲಿ ತೂತು ಕತ್ತಲಾಯಿತು. ಆಚೆಯಿಂದಲೂ ಒಂದು ಕಣ್ಣು ಬಂದಿತ್ತು. ಎರಡೂ ಕಣ್ಣುಗಳು ಒಟ್ಟಿಗೇ ಹಿಂದೆ ಸರಿದವು.

ಸಮದ್ ಬೆವರು ಒರೆಸುತ್ತ ಬಂದ. "ಸುಧಾಕರಣ್ಣ, ಇನ್ನು ಒಂದೇ ದಾರಿ. ಬೋಲ್ಟು ಈಚೆಯಿಂದ ಆಚೆಗೆ ಹಾಯಿಸ್ಬೇಕು. ಈಚೆ ಒಂದು ಕಬ್ಬಿಣದ ಪಟ್ಟಿ, ಆಚೆ ಒಂದು ಪಟ್ಟಿ, ನಡುವೆ ಗೋಡೆ. ಗೋಡೆಗೆ ಹಿಡಿಯುವ ಶಕ್ತಿ ಇಲ್ಲ. ಆದ್ರೆ ಪಟ್ಟಿಗಳು ಒಂದನ್ನೊಂದು ಹಿಡ್ಕೊಳ್ತವೆ. ಅದಕ್ಕೆ ವಿನೋದಕ್ಕ ಒಪ್ಬೇಕು."

"ಹೋಗಿ ಹೇಳು."

ಸಮದ್ ಜಗಲಿ ದಾಟಿ ಹೋಗಿ ಬಂದ. "ಅವನೇ ಬಂದು ಕೇಳ್ಲಿ ಅಂತ ಹೇಳಿದ್ರು."

"ಗೋಡೆಯಲ್ಲಿ ಎರಡೂಕಾಲು ಇಂಚು ನನ್ನದು ಅಂತ ಹೇಳು."

ಸಮದ್ ಹೋದ, ಬಂದ. "ಎರಡೂಕಾಲು ಇಂಚಿನೊಳಗೆ ಎಷ್ಟು ತೂತು ಬೇಕಾದ್ರೂ ಮಾಡ್ಲಿ, ಅದರಿಂದ ಆಚೆಗೆ ಬಂದ್ರೆ ಪೋಲೀಸಿಗೆ ಹೇಳ್ತೇನೆ ಅಂದ್ರು." ಮತ್ತೆ ಹೊರಡುವ ಮೊದಲು ಅವನು ಬಾಗಿಲಿನಲ್ಲಿ ನಿಂತು, "ನೀವು ಹೇಳುದು ಅವರಿಗೆ ಕೇಳ್ತದೆ, ಅವರು ಹೇಳುದು ನಿಮಗೆ ಕೇಳ್ತದೆ. ನಾನು ಯಾಕೆ ನಡೆಯುದು?" ಎಂದು ಕೇಳಿದ. ಶೆಟ್ಟರು ಜಗಲಿಯ ಕಡೆಗೆ ಕೈ ತೋರಿಸಿದರು. ಸಮದ್ ನಡೆದ.

ಅವನು ಆಚೆ ಮುಟ್ಟಿದ ಮೇಲೆ ಶೆಟ್ಟರು ತೂತಿನ ಹತ್ತಿರ ಹೋಗಿ, ಗೋಡೆಗೇ ಹೇಳಿದ ಹಾಗೆ ಹೇಳಿದರು. "ಸಮದ್, ಅಲ್ಲಿ ಯಾರದ್ದಾದ್ರೂ ಟಿವಿ ಪೆಟ್ಟಿಗೆಯಲ್ಲಿ ಕೂತಿದ್ರೆ, ಅದೇ ಬೋಲ್ಟಿಗೆ ಅದೂ ನಿಲ್ತದೆ ಅಂತ ಹೇಳು."

ಮತ್ತೆ ವಿನೋದಕ್ಕನ ಸ್ವರ ಬಂತು. "ಪೆಟ್ಟಿಗೆಯಲ್ಲಿ ಉಂಟು ಅಂತ ಅವನಿಗೆ ಯಾರು ಹೇಳಿದ್ದು, ಕೇಳು."

"ತೂತು ಹೇಳಿತು ಅಂತ ಹೇಳು."

ಆಚೆ ಯಾರೋ ನಗು ತಡೆದುಕೊಂಡ ಹಾಗೆ ಕೇಳಿಸಿತು. ಅದು ಸಮದ್‌ನ ನಗುವಾಗಿರಲಿಲ್ಲ.

ಕೆಲಸ ಸುರುವಾಯಿತು. ನಾಲ್ಕು ಬೋಲ್ಟು ಹಾಯಿಸಿಯಾಯಿತು. ಬೋಲ್ಟಿನ ತಲೆಯನ್ನು ಈಚೆಯಿಂದ ಒಬ್ಬರು ಸ್ಪ್ಯಾನರಿನಲ್ಲಿ ಗಟ್ಟಿ ಹಿಡಿಯಬೇಕು, ಆಚೆಯಿಂದ ಇನ್ನೊಬ್ಬರು ನಟ್ಟು ತಿರುಗಿಸಬೇಕು. ಈಚೆ ಶೆಟ್ಟರು, ಆಚೆ ಸಮದ್. ಆಚೆಯ ಪಟ್ಟಿ ಜಾರುತ್ತದೆ ಎಂದು ಅದನ್ನು ಹಿಡಿದುಕೊಳ್ಳಲಿಕ್ಕೆ ವಿನೋದಕ್ಕ ಬಂದರು. ಶೆಟ್ಟರು ಇನ್ನೂ ಬಿಗಿಯದ ಒಂದು ತೂತಿನ ಸಂದಿನಿಂದ ನೋಡುತ್ತಿದ್ದರು. ಪಟ್ಟಿಯ ಕೆಳಗೆ ಅಕ್ಕನ ಬೆರಳುಗಳು ಕಾಣುತ್ತಿದ್ದವು. ಬಳೆ ಈಗ ಆ ಕೈಗೆ ಸಡಿಲವಾಗಿತ್ತು. ಅಷ್ಟರಲ್ಲಿ ಮೇಲಿನ ಇಟ್ಟಿಗೆ ಅಲುಗಿದ್ದು ಅವರ ಕೈಗೆ ಗೊತ್ತಾಯಿತು.

"ಅಕ್ಕ, ಕೈ ತೆಗಿ!"

ಇಟ್ಟಿಗೆಯ ದೊಡ್ಡ ಹೋಳು ಧೊಪ್ಪನೆ ಆಚೆ ಬಿತ್ತು. ಶೆಟ್ಟರು ಸಂದಿಗೆ ಕಣ್ಣೊತ್ತಿ ನೋಡಿದರು, ಧೂಳು ಬಿಟ್ಟು ಬೇರೇನೂ ಕಾಣಲಿಲ್ಲ.

"ತೆಗ್ದೆ" ಎಂದಿತು ಆಚೆಯ ಸ್ವರ. ಸ್ವಲ್ಪ ತಡೆದು, "ನೀನು ಸರಿ ಹಿಡಿ ಮೊದಲು. ಸಣ್ಣ ಇರುವಾಗಿಂದ ನಿನ್ನ ಕೈ ಸಡಿಲ."

"ನನ್ನ ಕೈ ಅಲ್ಲ, ಗೋಡೆ ಸಡಿಲ. ನೀನು ಸಿಮೆಂಟಿಗೆ ಲೋಭ ಮಾಡಿದ್ದಕ್ಕೆ."

"ಲೋಭ ಯಾರದ್ದು ಸುಧಾಕರ? ಜತ್ತಪ್ಪ ಈಗಲೂ ಇದ್ದಾನೆ, ಕರಿ, ಕೇಳುವ."

"ಕರೆಯುವ. ಟಿವಿ ಯಾರು ತಂದದ್ದು ಅಂತಲೂ ಕೇಳುವ."

"ತಂದವ ನೋಡಿಕೊಳ್ಳಲಿಕ್ಕೆ ಬಂದಿದ್ನಾ?"

ಒಂಬತ್ತು ವರ್ಷದ ಜಗಳ ಒಂದೇ ಉಸಿರಿಗೆ ಹೊರಗೆ ಬಂತು. ತೆಂಗಿನಕಾಯಿ, ಪಂಪು, ಅಮ್ಮನ ಉತ್ತರಕ್ರಿಯೆಯ ಬೊಜ್ಜದ ದಿನದ ಊಟ, ಯಾವುದೂ ಬಾಕಿ ಉಳಿಯಲಿಲ್ಲ. ದೈವಕ್ಕೆ ಮಾತ್ರ ಅವತ್ತು ವಿರಾಮ ಸಿಕ್ಕಿತು. ಜಗಳದ ಬಿಸಿಯಲ್ಲಿ ವಿನೋದಕ್ಕ ಸಮದ್‌ನ ಕೈಯಿಂದ ಸ್ಪ್ಯಾನರು ಕಿತ್ತುಕೊಂಡು ತಾವೇ ತಿರುಗಿಸತೊಡಗಿದರು, ಶೆಟ್ಟರು ಹಲ್ಲು ಕಚ್ಚಿ ಹಿಡಿದರು. ಸಮದ್ ನೆಲದ ಮೇಲೆ ಕೂತು ಜಲಜಾಕ್ಷಿ ತಂದುಕೊಟ್ಟ ಗೋಳಿಬಜೆ ತಿಂದ. ಅವನು ಹಾಕಿದ ಯಾವ ನಟ್ಟೂ ಅಷ್ಟು ಗಟ್ಟಿ ಬಿಗಿದಿರಲಿಲ್ಲ.

ಗೋಡೆಯ ಎರಡೂ ಬದಿಗೆ ಒಂದೊಂದು ಟಿವಿ ತೂಗಿಸಿ ಹೊರಡುವಾಗ ಅವನು ಜಗಲಿಯಲ್ಲಿ ನಿಂತು ಎರಡೂ ಬಾಗಿಲಿಗೆ ಕೇಳುವ ಹಾಗೆ ಹೇಳಿದ. "ಯಾರಾದ್ರೂ ಸಿಟ್ಟಿನಲ್ಲಿ ಬಿಚ್ಚಿದ್ರೆ ಇಬ್ರದ್ದೂ ಬೀಳ್ತದೆ. ಆಗಾಗ ನಟ್ಟು ಸಡಿಲ ಆಗಿದೆಯಾ ನೋಡಿ. ಒಬ್ರಿಂದ ಆಗುವ ಕೆಲಸ ಅಲ್ಲ ಅದು."

ಆದಿತ್ಯವಾರ ಶೋಧನ್ ಬಂದ. ಟಿವಿಯ ಅಂಚು ಹಿಡಿದು ಅಲುಗಿಸಿ ನೋಡಿ, "ಭಾರೀ ಗಟ್ಟಿ ಉಂಟು ಮಾವ" ಎಂದ. ಬೀಗರೂ ತಲೆಯಾಡಿಸಿದರು. ವಾರ್ತೆ ಹಾಕಿದಾಗ ಪ್ರತಿ ಮಾತೂ ಗೋಡೆಯ ಒಳಗಿನಿಂದ ಇನ್ನೊಮ್ಮೆ ಬರುತ್ತಿತ್ತು. "ಇದು ಎಂತ ಮಾವ, ಎರಡೆರಡು ಸಲ ಕೇಳ್ತದೆ?" ಎಂದು ಅಳಿಯ ಕೇಳಿದ. "ಸರೌಂಡ್ ಸೌಂಡ್" ಎಂದರು ಶೆಟ್ಟರು. ಗೋಡೆಯ ಆಚೆ ಯಾರೋ ಕೆಮ್ಮಿದರು.

ಅಷ್ಟಕ್ಕೇ ಎಲ್ಲವೂ ಸರಿಹೋಯಿತು ಎಂದು ಯಾರೂ ತಿಳಿಯಬಾರದು. ಜಗಳವಾಡಲಿಕ್ಕೆ ಬೋಲ್ಟು ಇಲ್ಲದೆ ಇದ್ದರೆ ಮಾತು ಎಲ್ಲಿಂದ ಸುರು ಮಾಡುವುದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಮತ್ತೆ ಮೊದಲಿನ ಹಾಗೆ ಮೌನ. ಶೆಟ್ಟರು ಟಿವಿಯ ಎದುರು ಕೂತರೂ ನೋಡುತ್ತಿದ್ದದ್ದು ಟಿವಿಯ ಹಿಂದಿನ ಗೋಡೆಯನ್ನು.

ಸಂಕ್ರಮಣ ಬಂತು. ದೈವದ ಕೋಣೆಯಲ್ಲಿ ದೀಪ ಇಟ್ಟಾಯಿತು. ವಿನೋದಕ್ಕ ಕೈಮುಗಿದು, "ಸ್ವಾಮೀ, ನಟ್ಟು ನೋಡ್ಬೇಕು ಅಂತ ಸಮದ್ ಹೇಳಿದ್ದನ್ನು ಮರೆತವರಿಗೆ ನೆನಪು ಮಾಡು" ಎಂದರು. ಶೆಟ್ಟರು ಪ್ರಸಾದ ಹಣೆಗೆ ಹಚ್ಚಿಕೊಂಡು ನೇರ ಚಾವಡಿಗೆ ಹೋದರು. ಸ್ಪ್ಯಾನರು ಕೈಗೆಟಕುವಲ್ಲೇ ಇತ್ತು. ಅದನ್ನು ಅವರು ಒಳಗೆ ಇಟ್ಟೇ ಇರಲಿಲ್ಲ. ಟಿವಿಯ ಕೆಳಗಿನ ಅಂಚು ಸ್ವಲ್ಪ ಎತ್ತಿ ಕೈ ತೂರಿಸಿ ಬೋಲ್ಟಿನ ತಲೆ ಹಿಡಿದರು.

"ಹಿಡ್ದಿದ್ದೇನೆ ಅಕ್ಕ."

ಆಚೆ ನಟ್ಟಿಗೆ ಸ್ಪ್ಯಾನರು ಕೂತದ್ದು ಕೈಗೆ ತಿಳಿಯಿತು. ಶೆಟ್ಟರು ಬೋಲ್ಟು ತಿರುಗುವುದನ್ನು ಕಾದರು. ಅದು ಕೂದಲೆಳೆಯಷ್ಟೂ ತಿರುಗಲಿಲ್ಲ. ಆಚೆಯಿಂದ ಯಾರೂ ಬಲ ಹಾಕುತ್ತಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಅವತ್ತು ಸಿಟ್ಟಿನಲ್ಲಿ ಬಿಗಿದದ್ದು ಇನ್ನು ಹತ್ತು ವರ್ಷ ಹಾಗೆಯೇ ಇರುವಂಥದ್ದು.

"ಸ್ವಲ್ಪ ಸಡಿಲ ಇದ್ದ ಹಾಗೆ ಉಂಟು ಸುಧಾಕರ" ಎಂದು ಅಕ್ಕನ ಸ್ವರ ಬಂತು. "ಬರುವ ಸಂಕ್ರಮಣಕ್ಕೂ ನೋಡ್ಬೇಕು."

ಶೆಟ್ಟರು ಅಲುಗದ ಬೋಲ್ಟನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು.

"ಹೌದು ಅಕ್ಕ," ಎಂದರು, "ನನಗೂ ಸಡಿಲ ಅಂತಲೇ ಕಾಣ್ತದೆ."